ತಲೆಯ ಮೇಲಣ ಕೈ

ಮೇಟ್ಟುಪಾಳ್ಯದ ಬಯಲಿನಿಂದ ಹೊರಟು, ಕಲ್ಲಾರಿನಿಂದ ಕೂನೂರಿನವರೆಗೆ ಹಲ್ಲಿನ ಕಂಬಿಯನ್ನು ಕಚ್ಚಿಹಿಡಿದು ಏದುಸಿರಿಡುತ್ತ ಏರಿ, ಅಲ್ಲಿಂದ ಮುಂದಕ್ಕೆ ಆ ಊರೆಗೋಲಿನ ಹಂಗಿಲ್ಲದೆ ಉದಕಮಂಡಲದತ್ತ ಸಾಗುವ ನೀಲಗಿರಿಯ ಪುಟ್ಟ ರೈಲು ಕೆತ್ತಿ ಎಂಬ ನಿಲ್ದಾಣದಲ್ಲಿ ಅರೆಗಳಿಗೆ ನಿಲ್ಲುವುದುಂಟು. ಕಿಟಕಿಯಿಂದ ಕೆಳಗೆ ನೋಡಿದರೆ, ಮಂಜು ತೆರವಾದ ಹೊತ್ತಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಆಲೂಗೆಡ್ಡೆ, ಗಜ್ಜರಿ, ಕೋಸಿನ ಹೊಲಗಳೂ, ಅವುಗಳ ನಡುವೆ ಸಾಲುಗಟ್ಟಿದ ಮನೆಗಳ ಹಟ್ಟಿಗಳೂ, ಅಂಚಿನಲ್ಲಿ ಚಹಾ ತೋಟದ ಹಸುರೂ ಕೂಡಿದ ವಿಶಾಲವಾದ ಕಣಿವೆಯೊಂದು ಕಣ್ಣಿಗೆ ಬೀಳುತ್ತದೆ. ಪ್ರವಾಸಿಗಳು ಇದನ್ನು ದಕ್ಷಿಣ ಭಾರತದ ಸ್ವಿಟ್ಜರ್ಲೆಂಡೆಂದು ಕರೆದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆದರೆ ಕನ್ನಡಿಗನಾದವನು ಇಲ್ಲಿ ಇಳಿದು ಒಂದು ಹಟ್ಟಿಯ ದಾರಿ ಹಿಡಿದನಾದರೆ ಅವನಿಗೆ ದೂರದೇಶದ ನೆನಪಿಗಿಂತ ಹತ್ತಿರದ ನಂಟಿನ ನೆನಪೇ ಮೊದಲು ಬರತಕ್ಕದ್ದು. ಏಕೆಂದರೆ ಅಲ್ಲಿನ ಮಾತಿನಲ್ಲಿ ಹಟ್ಟಿ, ಹಬ್ಬ, ಗೌಡ, ಸೀಮೆ, ಬೆಟ್ಟ ಎಂಬ ಶಬ್ದಗಳು, ಅಜ್ಜಿಯ ಮನೆಯಲ್ಲಿ ಮರೆತು ಬಂದ ಪಾತ್ರೆಗಳಂತೆ, ಒಂದೊಂದಾಗಿ ಕೈಗೆ ಸಿಕ್ಕುತ್ತವೆ.

ಆ ಹಟ್ಟಿಗಳಲ್ಲಿ ಒಂದು ಆಚಾರವುಂಟು. ಕಿರಿಯನು ಹಿರಿಯನನ್ನು ಕಂಡಾಗ ಹತ್ತಿರ ಬಂದು ತಲೆ ಬಾಗಿಸುತ್ತಾನೆ. ಹಿರಿಯನು ಆ ತಲೆಯ ಮೇಲೆ ಕೈಯಿಟ್ಟು, ಒಂದು ನೂರಾಗಲೆಂದೂ ಸಾವಿರವಾಗಲೆಂದೂ, ಹಾಲೂ ಬೆಳೆಯೂ ಹೆಚ್ಚಲೆಂದೂ ಹರಸುತ್ತಾನೆ. ಪರಿಚಿತರಲ್ಲಿ ದಿನನಿತ್ಯ ನಡೆಯುವ ಈ ಸಣ್ಣ ಕ್ರಿಯೆಯನ್ನು ನೋಡಿದವರು ಅದನ್ನು ವಂದನೆಯ ಒಂದು ಬಗೆಯೆಂದು ಬರೆದುಕೊಂಡು ಮುಂದೆ ಹೋಗಿದ್ದಾರೆ. ಊರಿನ ಕೆಲಸದಲ್ಲಿ, ಅದರಲ್ಲಿಯೂ ಊರಿನ ಹಬ್ಬ, ಆಟ, ಕುಣಿತ, ಮಕ್ಕಳ ಕೂಟಗಳಂಥ ವಿನೋದದ ಕೆಲಸದಲ್ಲಿ, ಕೂಲಿಯಿಲ್ಲದೆ ಆಯುಷ್ಯವನ್ನು ಸವೆಸಿದವರನ್ನು ಸಮಾಜವು ಹೇಗೆ ಗೌರವಿಸುತ್ತ ಬಂದಿತೆಂಬುದನ್ನು ವಿಚಾರಿಸಹೊರಟವನಿಗೆ ಮಾತ್ರ ಈ ಕೈ ಸುಮ್ಮನೆ ಬಿಡುವಂಥದಲ್ಲ. ಇಲ್ಲಿ ಗೌರವಕ್ಕೆ ಪಾತ್ರನಾದವನು ಏನನ್ನೂ ಪಡೆಯುವುದಿಲ್ಲ, ಕೊಡುವವನು ಅವನೇ.

ಈ ಜನರು ಬಡಗರು. ಬಡಗಣ ದಿಕ್ಕಿನಿಂದ, ಎಂದರೆ ಮೈಸೂರು ಸೀಮೆಯ ಕಡೆಯಿಂದ, ಬೆಟ್ಟವನ್ನೇರಿ ಬಂದವರಾದುದರಿಂದ ಆ ಹೆಸರು ಬಂದಿತೆಂಬುದು ವಿದ್ವಾಂಸರ ಬಹುಮತ. ಏಳು ಮಂದಿ ಅಣ್ಣತಮ್ಮಂದಿರು ತಮ್ಮ ತಂಗಿಯ ಮಾನವನ್ನು ಕಾಯುವುದಕ್ಕಾಗಿ ದೊರೆಯೊಬ್ಬನ ಕಣ್ಣು ತಪ್ಪಿಸಿ, ತಲೆಮಲೆಯ ಕಡೆಯಿಂದ ಹೊರಟು ನೀಲಗಿರಿಯನ್ನು ಸೇರಿದರೆಂದು ಅವರಲ್ಲಿ ಐತಿಹ್ಯವಿದೆ. ಐತಿಹ್ಯಕ್ಕೆ ಇಸವಿಯಿಲ್ಲ, ಆದರೆ 1603ರಲ್ಲಿ ಮಲೆಯಾಳದ ಕಡೆಯಿಂದ ಬೆಟ್ಟವನ್ನೇರಿದ ಫೆನಿಸಿಯೋ ಎಂಬ ಜೆಸ್ಯೂಟ್ ಪಾದ್ರಿಯು ಇಲ್ಲಿ ಬಡಗರನ್ನು ಕಂಡುದಾಗಿ ಬರೆದಿಟ್ಟಿರುವುದರಿಂದ, ನಾನೂರು ವರ್ಷಗಳಿಗೂ ಹಿಂದೆಯೇ ಅವರು ಇಲ್ಲಿ ನೆಲೆನಿಂತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಅವರ ನುಡಿಯನ್ನು ಹಿಂದಿನವರು ಕನ್ನಡದ ಉಪಭಾಷೆಯೆಂದರು. ಇಂದಿನ ಭಾಷಾವಿಜ್ಞಾನಿಗಳು ಸ್ವತಂತ್ರ ಭಾಷೆಯೆನ್ನುತ್ತಾರೆ. ಅಕ್ಕತಂಗಿಯರು ಬೇರೆ ಬೇರೆ ಮನೆ ಮಾಡಿಕೊಂಡ ಮಾತ್ರಕ್ಕೆ ಮುಖದ ಹೋಲಿಕೆ ಮಾಸುವುದಿಲ್ಲವಾದುದರಿಂದ, ಈ ವಿವಾದವು ನಮ್ಮ ಪ್ರಕೃತಕ್ಕೆ ಬಾಧಕವಲ್ಲ.

ಬಡಗರ ಹಟ್ಟಿಗೆ ಎರಡು ಅಂಗಗಳು: ಒಂದಕ್ಕೊಂದು ಗೋಡೆ ಕೂಡಿಸಿ ಸಾಲಾಗಿ ಕಟ್ಟಿದ ಮನೆಗಳು, ಅವುಗಳಿಗೆ ಹೊಂದಿದಂತೆ ಮಂದು ಎಂದು ಕರೆಯಲ್ಪಡುವ ಸಾರ್ವಜನಿಕ ಹುಲ್ಲುನೆಲ. ನ್ಯಾಯಕ್ಕೆ ಹಿರಿಯರು ಕೂಡುವುದು ಅಲ್ಲಿ. ಸಂಜೆ ಮಕ್ಕಳು ಆಡುವುದು ಅಲ್ಲಿ. ಹಬ್ಬದ ರಾತ್ರಿ ಬಿಳಿಯ ಉಡುಪು ತೊಟ್ಟು, ಮಂಡರೆಯೆಂಬ ರುಮಾಲು ಸುತ್ತಿ, ಗಂಡಸರು ವೃತ್ತಾಕಾರವಾಗಿ ಸುತ್ತುತ್ತ ಕುಣಿಯುವುದೂ ಅಲ್ಲಿಯೇ. ಪಟ್ಟಣದವರು ಸಮುದಾಯ ಭವನ, ಕ್ರೀಡಾಂಗಣ, ಪಂಚಾಯಿತಿ ಕಚೇರಿ ಎಂದು ಮೂರು ಕಟ್ಟಡಗಳಲ್ಲಿ ಹಂಚಿಹಾಕಿದ ವ್ಯವಹಾರವನ್ನು ಈ ಒಂದೇ ಹುಲ್ಲುನೆಲ ನಡೆಸಿಕೊಟ್ಟಿತು. ಹಟ್ಟಿಗೊಬ್ಬ ಗೌಡ, ಹಟ್ಟಿಗಳು ಸೇರಿ ಊರು, ಊರುಗಳು ಸೇರಿ ಸೀಮೆ, ನಾಲ್ಕು ಸೀಮೆಗಳೂ ಸೇರಿ ‘ನಾಕುಬೆಟ್ಟ’ ಎಂಬ ಇಡಿಯ ಸಮುದಾಯ, ಅದಕ್ಕೆ ತೂನೇರಿಯ ಗೌಡನು ಹಿರಿಯ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಈ ವ್ಯವಸ್ಥೆಯಲ್ಲಿ ಹಬ್ಬಹರಿದಿನಗಳ ಭಾರವೆಲ್ಲ ಸಂಬಳವಿಲ್ಲದೆ ಹೊರಲ್ಪಡುತ್ತಿದ್ದಿತು. ಸ್ವಯಂಸೇವಕ ಎಂಬ ಮಾತು ಆಗ ಯಾರಿಗೂ ಬೇಕಾಗಿರಲಿಲ್ಲ. ಹಬ್ಬಕ್ಕೆ ಮನೆಮನೆಯಿಂದ ಧಾನ್ಯವನ್ನು ಕೂಡಿಸುವವನು, ಒಲೆಯ ಬಳಿ ನಿಲ್ಲುವವನು, ಕುಣಿತಕ್ಕೆ ಹುಡುಗರ ಹೆಜ್ಜೆಯನ್ನು ತಿದ್ದುವವನು ಎಲ್ಲರೂ ಊರಿನವರೇ. ಊರಿನವನು ಊರಿಗೆ ಮಾಡಿದುದನ್ನು ಸೇವೆಯೆಂದು ಬೇರೆಯಾಗಿ ಹೆಸರಿಸುವುದು, ತಾಯಿಯು ಬಡಿಸಿದ ಅನ್ನಕ್ಕೆ ದಾನವೆಂದು ಹೆಸರಿಟ್ಟಂತೆ ಕೇಳಿಸುತ್ತಿದ್ದಿರಬೇಕು.

ಹೆತ್ತೆಯ ಹಬ್ಬವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುವುದು. ಬಡಗ ನುಡಿಯಲ್ಲಿ ಹೆತ್ತೆಯೆಂದರೆ ಅಜ್ಜಿ. ಕನ್ನಡಿಗನು ‘ಹೆತ್ತವಳು’ ಎಂಬ ಶಬ್ದವನ್ನು ನೆನೆದರೆ ಸಾಕು, ನಿಘಂಟು ಬೇಡ. ನಾಕುಬೆಟ್ಟದ ಜನರೆಲ್ಲರೂ ಕೂಡಿ ಆಚರಿಸುವ ಅತ್ಯಂತ ದೊಡ್ಡ ಹಬ್ಬವು ಯುದ್ಧವನ್ನು ಗೆದ್ದ ವೀರನದಲ್ಲ, ನೆಲವನ್ನಾಳಿದ ಅರಸನದಲ್ಲ. ಮೂಲಮಾತೆಯಾದ ಒಬ್ಬ ಅಜ್ಜಿಯದು. ಡಿಸೆಂಬರ್ ಜನವರಿ ತಿಂಗಳುಗಳ ಕೊರೆಯುವ ಚಳಿಯಲ್ಲಿ, ಬೇರಗಣಿ ಮೊದಲಾದ ಊರುಗಳಿಗೆ, ವ್ರತ ಹಿಡಿದ ಹೆತ್ತೆಕಾರರು ಬರಿಗಾಲಿನಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ನಡೆದು ಬರುತ್ತಾರೆ. ಅವರ ಹಿಂದೆ ಬಿಳಿಯುಟ್ಟ ಜನಸ್ತೋಮ ಬರುತ್ತದೆ. ಇಷ್ಟು ಮಂದಿಗೆ ಅನ್ನ, ನೀರು, ನೆರಳುಗಳನ್ನು ಒದಗಿಸುವ ಕಾರ್ಯವು ಪ್ರತಿ ವರ್ಷವೂ ಹಿಂದಿನ ವರ್ಷ ಮಾಡಿದವರ ಕೈಯಿಂದ ಮುಂದಿನವರ ಕೈಗೆ ಬರುತ್ತದೆಯಲ್ಲದೆ, ಯಾವ ಕಾಗದದಲ್ಲಿಯೂ ಅದರ ಕ್ರಮವನ್ನು ಬರೆದಿಟ್ಟು ಕಲಿತವರಿಲ್ಲ. ಹೀಗೆ ಕಲಿಸಿಕೊಟ್ಟ ಹಿರಿಯರಿಗೆ ದೊರೆಯುತ್ತಿದ್ದ ಪದಕವಾವುದೆಂದರೆ, ಮುಂದಿನ ಹಬ್ಬದಲ್ಲಿ ಅವರ ಮುಂದೆ ಬಾಗುವ ತಲೆಗಳ ಸಂಖ್ಯೆಯೇ.

ಆದರೆ ಇತಿಹಾಸವನ್ನು ಬರೆಯುವವನು ಹಳೆಯ ಕಾಲವೆಲ್ಲ ಬೆಳ್ದಿಂಗಳೆಂದು ಬರೆದರೆ ಅದು ಇತಿಹಾಸವಾಗದು. ಬಡಗರ ಕುಣಿತಕ್ಕೆ ವಾದ್ಯವನ್ನು ನುಡಿಸುತ್ತಿದ್ದವರು ನೆರೆಯ ಕೋತರು. ಕಬ್ಬಿಣದ ಕೆಲಸ, ಮಡಕೆ, ಮರಗೆಲಸಗಳ ಜೊತೆಗೆ ಕೊಳಲು ತಮ್ಮಟೆಗಳೂ ಅವರ ಪಾಲಿನವು. ಒಂದೊಂದು ಬಡಗ ಮನೆತನಕ್ಕೆ ಗೊತ್ತಾದ ‘ಮುಟ್ಟು ಕೋತ’ನಿದ್ದು, ವರ್ಷಕ್ಕೊಮ್ಮೆ ಅವನಿಗೆ ಧಾನ್ಯ ಸಲ್ಲುತ್ತಿದ್ದಿತು. ಬೆಟ್ಟದ ಇತರ ಜನರಾದ ತೊದವರು ಹಾಲಿನದನ್ನು, ಕುರುಂಬರು ಕಾಡಿನದನ್ನು ತಂದು ಸೇರಿಸುತ್ತಿದ್ದ ಈ ಕೊಳುಕೊಡೆಯನ್ನು ಮಾನವಶಾಸ್ತ್ರಜ್ಞರು ಬಹುವಾಗಿ ಕೊಂಡಾಡಿದ್ದಾರೆ; ಅದು ಕೊಂಡಾಟಕ್ಕೆ ಯೋಗ್ಯವೂ ಹೌದು. ಆದರೂ ರಾತ್ರಿಯೆಲ್ಲ ಕೊಳಲೂದಿ ಊರನ್ನು ಕುಣಿಸಿದವನ ಕೈಗೆ ಧಾನ್ಯ ಬಿದ್ದಿತೇ ಹೊರತು, ಅವನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಳ್ಳಬೇಕೆಂದು ಯಾವ ಬಡಗನಿಗೂ ಅನಿಸಿದಂತೆ ತೋರುವುದಿಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಡಗರಲ್ಲಿಯೇ ಸುಧಾರಕರೂ ಸಂಪ್ರದಾಯಸ್ಥರೂ ಎರಡು ಪಕ್ಷವಾಗಿ, ಕೋತರ ವಾದ್ಯ ಬೇಕೆ ಬೇಡವೆ ಎಂದು ಕಲಹಿಸಿದರು. ವಾದ್ಯದ ವಿಷಯದಲ್ಲಿ ವಾದ ನಡೆಯಿತು, ವಾದಕನ ಗೌರವದ ವಿಷಯದಲ್ಲಿ ನಡೆದುದು ಕಡಮೆ.

ಇಂಗ್ಲಿಷರು ಬೆಟ್ಟವನ್ನೇರಿದ ಮೇಲೆ ವಿನೋದವೂ ಸೇವೆಯೂ ಬೇರೊಂದು ರೂಪವನ್ನು ತಳೆದುವು. ಕೊಯಮುತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಇಲ್ಲಿಗೆ ಬಂದುದರ ಹಿಂದೆಯೇ ಬಂಗಲೆಗಳು ಎದ್ದುವು. ಊಟಿಯಲ್ಲಿ ಕ್ಲಬ್ಬು ಎದ್ದಿತು. ಬೇಟೆಯೂ ಬಿಲಿಯರ್ಡ್ಸೂ ನಡೆದುವು. ಈ ವಿನೋದವು ಸದಸ್ಯರದು. ಅದರ ಶ್ರಮ ಸೇವಕರದು. ಗೋಡೆಯ ಮೇಲಿನ ಹಲಗೆಯಲ್ಲಿ ಚಿನ್ನದ ಅಕ್ಷರದಿಂದ ಬರೆಸಿಕೊಳ್ಳುವ ಹೆಸರು ಮತ್ತೆ ಸದಸ್ಯರದೇ. ಕೆತ್ತಿಯಲ್ಲಿ, 1830ರ ಆಸುಪಾಸಿನಲ್ಲಿ, ಮದರಾಸಿನ ಗವರ್ನರನಾದ ಲಷಿಂಗ್ಟನ್ನನ ಉತ್ಸಾಹದಿಂದ ಸರ್ಕಾರದ ಪ್ರಯೋಗದ ವ್ಯವಸಾಯಕ್ಷೇತ್ರವೊಂದು ತೆರೆದು, ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಅದಕ್ಕಾಗಿ ಕಟ್ಟಿದ ಮನೆಯು ಮುಂದೆ ಗವರ್ನರ್ ಎಲ್ಫಿನ್‌ಸ್ಟನ್ನನ ವೈಭವದ ವಾಸಕ್ಕೆ ಒದಗಿ, ಅನಂತರ ಕಾಸಾಮೇಜರ್ ಎಂಬ ನಿವೃತ್ತ ಸಿವಿಲ್ ಅಧಿಕಾರಿಯ ಕೈಗೆ ಬಂದಿತು.

ಈ ಕಾಸಾಮೇಜರನ ಕತೆ ಸ್ವಲ್ಪ ನಿಂತು ಕೇಳತಕ್ಕದ್ದು. ಅಧಿಕಾರ ಮುಗಿಸಿದ ಅಂದಿನ ದೊರೆಗಳು ಸಾಮಾನ್ಯವಾಗಿ ಹಡಗನ್ನು ಹತ್ತುತ್ತಿದ್ದರು. ಹತ್ತದೆ ಉಳಿದವರು ಊಟಿಯ ಹೂದೋಟದಲ್ಲಿ ದಿನ ಕಳೆಯುತ್ತಿದ್ದರು. ಈತನಾದರೋ ಕೆತ್ತಿಯ ಬಡಗರ ಮಕ್ಕಳಿಗೆಂದು ಶಾಲೆಯನ್ನು ತೆರೆದು, ಅವರೊಡನೆ ಮಾತಾಡುವುದಕ್ಕಾಗಿ, ಹೊಸ ಭಾಷೆ ನಾಲಗೆಗೆ ಹೊಂದದ ಇಳಿವಯಸ್ಸಿನಲ್ಲಿ, ಕನ್ನಡವನ್ನು ಕಲಿಯಲು ಕುಳಿತನು. 1846ರಲ್ಲಿ ಬಾಸೆಲ್ ಮಿಷನ್ನಿನವರು ಇವನ ಆಶ್ರಯದಲ್ಲಿ ಕೆತ್ತಿಗೆ ಬಂದರು. 1849ರಲ್ಲಿ ಇವನು ತೀರಿಕೊಂಡಾಗ ಸ್ವತ್ತಿನ ಬಹುಭಾಗವು ಆ ಕೆಲಸಕ್ಕೇ ಸಂದಿತು. ಇವನ ಹಿಂದೆ ಬಂದ ಮೆಟ್ಸ್ ಎಂಬ ಪಾದ್ರಿಯು ಹಟ್ಟಿಯಿಂದ ಹಟ್ಟಿಗೆ ಕಾಲ್ನಡಿಗೆಯಲ್ಲಿ ಅಲೆದು, ಬೆಟ್ಟದ ಜನರ ನಡೆನುಡಿಗಳನ್ನು ಕುರಿತು ಪುಸ್ತಕ ಬರೆದನು. 1890ರಲ್ಲಿ ಲೂಕನ ಸುವಾರ್ತೆಯು ಬಡಗ ನುಡಿಯಲ್ಲಿ, ಕನ್ನಡ ಲಿಪಿಯಲ್ಲಿ, ಮಂಗಳೂರಿನಲ್ಲಿ ಅಚ್ಚಾಯಿತು. ಮತಾಂತರವೇ ಮಿಷನ್ನಿನ ಉದ್ದೇಶವೆಂಬುದನ್ನು ಬಡಗರು ಅರಿಯದೆ ಇರಲಿಲ್ಲ. ಆದುದರಿಂದ ಶಾಲೆಯನ್ನು ಸ್ವೀಕರಿಸಿದಷ್ಟು ಸುಲಭವಾಗಿ ಉಪದೇಶವನ್ನು ಸ್ವೀಕರಿಸಲಿಲ್ಲ. ಆದರೂ ಕಲಿಸಲು ಬಂದ ಮುದುಕನೊಬ್ಬನು ಮೊದಲು ತಾನೇ ವಿದ್ಯಾರ್ಥಿಯಾದನೆಂಬ ಸಂಗತಿಯು, ಗೌರವದ ಈ ಚರಿತ್ರೆಯಲ್ಲಿ, ಎಣಿಕೆಗೆ ಬರದೆ ಹೋಗಬಾರದು.

ಮುಂದಿನ ತಿರುವು ಬಂದುದು ಬಾಲಚಮೂವಿನಿಂದ, ಎಂದರೆ ಸ್ಕೌಟ್ ದಳದಿಂದ. 1907ರಲ್ಲಿ ಇಂಗ್ಲೆಂಡಿನ ಬ್ರೌನ್ಸೀ ದ್ವೀಪದಲ್ಲಿ ಬೇಡನ್ ಪವೆಲ್ ಇಪ್ಪತ್ತು ಹುಡುಗರೊಡನೆ ಹೂಡಿದ ಶಿಬಿರದಿಂದ ಹುಟ್ಟಿದ ಸ್ಕೌಟ್ ಚಳವಳಿಯು, ಭಾರತದಲ್ಲಿ ಮೊದಲು ಕಾಲಿಟ್ಟುದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಆದರೆ ಆ ದಳವು ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮೀಸಲು. ಈ ದೇಶದ ಮಕ್ಕಳಿಗೆ ಪ್ರವೇಶವಿರಲಿಲ್ಲ. ಬಾಗಿಲು ತೆರೆಯುವುದಿಲ್ಲವಾದರೆ ಬೇರೆಯ ಮನೆಯನ್ನೇ ಕಟ್ಟುವೆವೆಂದು ಆನಿ ಬೆಸೆಂಟರು 1917ರಲ್ಲಿ ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿ ಪ್ರತ್ಯೇಕ ಸಂಘವನ್ನು ಸ್ಥಾಪಿಸಿ, ಹುಡುಗರ ತಲೆಗೆ ಟೋಪಿಯ ಬದಲಾಗಿ ರುಮಾಲನ್ನು ಸುತ್ತಿಸಿದರು. ಮರುವರ್ಷ ಉತ್ತರದಲ್ಲಿ ಮಾಲವೀಯರೂ ಕುಂಜ್ರು ಅವರೂ ಸೇವಾಸಮಿತಿಯ ಸ್ಕೌಟ್ ದಳವನ್ನು ಕಟ್ಟಿದರು. 1921ರಲ್ಲಿ ಬೇಡನ್ ಪವೆಲ್ ಸ್ವತಃ ಭಾರತಕ್ಕೆ ಬಂದ ಮೇಲೆ ಬೆಸೆಂಟರ ದಳವು ಮೂಲಸಂಸ್ಥೆಯೊಡನೆ ಕೂಡಿಕೊಂಡಿತು. ಅದರ ಮರುವರ್ಷವೇ ಕೆತ್ತಿಯ ಕಣಿವೆಗೂ ಹೊಸ ಮಕ್ಕಳ ಗುಂಪೊಂದು ಬಂದಿತು: 1914ರಲ್ಲಿ ಕೊಡೈಕಾನಲಿನಲ್ಲಿ ಆರಂಭವಾಗಿದ್ದ, ಬಡ ಆಂಗ್ಲೋ ಇಂಡಿಯನ್ ಮಕ್ಕಳ ಸೇಂಟ್ ಜಾರ್ಜ್ ಹೋಮ್ಸ್ ಶಾಲೆಯು 1922ರಲ್ಲಿ ಇಲ್ಲಿಗೆ ವರ್ಗವಾಯಿತು.

ಸ್ಕೌಟ್ ಚಳವಳಿಯ ವೈಶಿಷ್ಟ್ಯವು ಹುಡುಗರ ಗಂಟು, ಗುಡಾರ, ಬೆಂಕಿಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಅವರ ಹಿಂದೆ ನಿಂತ ದೊಡ್ಡವನಲ್ಲಿದೆ. ಹಗಲೆಲ್ಲ ಶಾಲೆಯಲ್ಲಿಯೋ ಕಚೇರಿಯಲ್ಲಿಯೋ ದುಡಿದು, ಸಂಜೆ ಮನೆಯಲ್ಲಿ ಕಾಲು ಚಾಚಬೇಕಾದವನು, ಸೀಟಿಯೊಂದನ್ನು ಕೊರಳಿಗೆ ಕಟ್ಟಿಕೊಂಡು, ಪರರ ಮಕ್ಕಳನ್ನು ಕಾಡಿಗೆ ಕರೆದೊಯ್ದು, ಕತ್ತಲಾಗುವ ಮುನ್ನ ಎಣಿಸಿ ಎಣಿಸಿ ಮನೆ ಸೇರಿಸುವ ಈ ಕಾಯಕಕ್ಕೆ ಸಂಬಳವಿಲ್ಲ. ಆದುದರಿಂದಲೇ ಆ ಸಂಸ್ಥೆಯು ಗೌರವದ ಚಿಹ್ನೆಗಳನ್ನು ಬಹು ಜಾಣ್ಮೆಯಿಂದ ರಚಿಸಿತು. ಇಂಗ್ಲೆಂಡಿನಲ್ಲಿ ಅಸಾಧಾರಣ ಸೇವೆಗೆ ಬೆಳ್ಳಿಯ ತೋಳವಾದರೆ, ಭಾರತದಲ್ಲಿ ಬೆಳ್ಳಿಯ ಆನೆ. ಬೆಸೆಂಟರಿಗೆ ಬೆಳ್ಳಿಯ ತೋಳವು ದೊರೆತುದು 1932ರಲ್ಲಿ, ಆಗ ಅವರಿಗೆ ಎಂಬತ್ತೈದರ ಆಸುಪಾಸು, ಮರುವರ್ಷವೇ ತೀರಿಕೊಂಡರು. ಗೌರವವು ಇಷ್ಟು ತಡವಾಗಿ ಬರುವುದು ಸಾರ್ವಜನಿಕ ಜೀವನದಲ್ಲಿ ಅಪೂರ್ವವೇನಲ್ಲ. ಆದರೆ ಇದೇ ಸಂಸ್ಥೆಯಲ್ಲಿ, 1919ರಲ್ಲಿ ಗಿಲ್‌ವೆಲ್ಲಿನ ತರಬೇತಿಯೊಡನೆ ಆರಂಭವಾದ ಇನ್ನೊಂದು ಚಿಹ್ನೆಯೂ ಉಂಟು: ತೊಗಲಿನ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿಗಳು. ಅದು ಮಾಡಿ ಮುಗಿಸಿದುದಕ್ಕೆ ಬಹುಮಾನವಲ್ಲ. ಇನ್ನು ಮುಂದೆ ಇತರರಿಗೆ ಕಲಿಸಬಲ್ಲನೆಂಬುದರ ಗುರುತು. ಬೆಳ್ಳಿಗಿಂತ ಈ ಮರದ ಮಣಿಗಳು ಬಡಗರ ಕೈಗೆ ಹತ್ತಿರದ ನಂಟರೆಂದು ನನಗೆ ತೋರುತ್ತದೆ.

ಕೆತ್ತಿಯಿಂದ ಅನತಿದೂರದಲ್ಲಿ, ಕೂನೂರಿನ ಬಳಿ, ಹುಬ್ಬತಲೆಯೆಂಬ ಹಟ್ಟಿಯುಂಟು. ಅಲ್ಲಿನ ರಾವ್ ಬಹದ್ದೂರ್ ಬೆಳ್ಳಿಗೌಡರು ನೀಲಗಿರಿಯ ರೈಲುದಾರಿಯ ನಿರ್ಮಾಣದಲ್ಲಿ ಗುತ್ತಿಗೆದಾರರಾಗಿ ದುಡಿದವರು. 1899ರಲ್ಲಿ ಕೂನೂರಿಗೆ ಬಂದು ನಿಂತಿದ್ದ ಆ ದಾರಿಯು 1908ರಲ್ಲಿ ಕೆತ್ತಿಯನ್ನು ಹಾದು ಊಟಿಯ ಕಡೆಗೆ ಬೆಳೆಯಿತು. ಅವರ ಮಗ ಎಚ್. ಬಿ. ಆರಿಗೌಡರು 1893ರಲ್ಲಿ ಹುಟ್ಟಿ, ಬಡಗರಲ್ಲಿ ಮೊತ್ತಮೊದಲು ವಿಶ್ವವಿದ್ಯಾಲಯದ ಪದವಿಯನ್ನು ಪಡೆದು, ಮದರಾಸಿನ ಶಾಸನಸಭೆಗೂ ಹೋಗಿ, ತಂದೆಯಂತೆ ರಾವ್ ಬಹದ್ದೂರ್ ಬಿರುದನ್ನೂ ಹೊಂದಿದರು. ಆದರೆ ನಮ್ಮ ಪ್ರಕೃತಕ್ಕೆ ಬೇಕಾದ ಆರಿಗೌಡರು ಸಭೆಯ ಆರಿಗೌಡರಲ್ಲ, ಶಿಬಿರದ ಆರಿಗೌಡರು. ಹಂಗೇರಿಯಲ್ಲಿ ನಡೆದ ಸ್ಕೌಟರ ಜಾಗತಿಕ ಜಾಂಬೂರಿಗೆ ಹೋದ ಭಾರತದ ತಂಡಕ್ಕೆ ನಾಯಕರಾದವರು ಅವರೇ.

ಆ ಜಾಂಬೂರಿಯು 1933ರ ಆಗಸ್ಟಿನಲ್ಲಿ, ಬುಡಾಪೆಸ್ಟಿಗೆ ಸಮೀಪದ ಗೊದೊಲ್ಲೊ ಎಂಬಲ್ಲಿ, ಅರಮನೆಯ ವನದಲ್ಲಿ ಕೂಡಿತು. ಐವತ್ತಕ್ಕೂ ಮಿಕ್ಕ ದೇಶಗಳಿಂದ 25,000ಕ್ಕೂ ಹೆಚ್ಚು ಹುಡುಗರು ಅಲ್ಲಿ ಗುಡಾರ ಹೂಡಿದರು. ಅದರ ಲಾಂಛನ ಬಿಳಿಯ ಸಾರಂಗ. ಹಂಗೇರಿಯ ಮೂಲಪುರುಷರಾದ ಇಬ್ಬರು ಅಣ್ಣತಮ್ಮಂದಿರನ್ನು ಸಾರಂಗವೊಂದು ಬೆನ್ನಟ್ಟಿಸಿಕೊಂಡು ಹೊಸ ನೆಲಕ್ಕೆ ಕರೆತಂದಿತೆಂದು ಆ ಜನರ ಐತಿಹ್ಯ. ಏಳು ಮಂದಿ ಅಣ್ಣತಮ್ಮಂದಿರು ತಂಗಿಯೊಡನೆ ಬೆಟ್ಟವೇರಿದ ಕತೆಯನ್ನು ತೊಟ್ಟಿಲಲ್ಲಿ ಕೇಳಿದ ಹುಬ್ಬತಲೆಯ ಗೌಡರು, ಆ ಲಾಂಛನದ ಅರ್ಥವನ್ನು ಕೇಳಿ ಏನೆಂದುಕೊಂಡಿರಬಹುದೆಂದು ಊಹಿಸುವುದು ಇತಿಹಾಸಕಾರನ ಹಕ್ಕಲ್ಲದಿದ್ದರೂ ಪ್ರಬಂಧಕಾರನಿಗೆ ಕ್ಷಮ್ಯವಾದೀತು. ಸ್ಕೌಟರು ಎಡಗೈಯಿಂದ ಕೈಕುಲುಕುತ್ತಾರೆ, ಅದು ಹೃದಯಕ್ಕೆ ಹತ್ತಿರವೆಂದು ಹೇಳುವುದುಂಟು. ತಲೆಯ ಮೇಲೆ ಕೈಯಿಡುವ ಸೀಮೆಯಿಂದ ಬಂದವರು, ಎಡಗೈಯನ್ನು ಚಾಚುವ ಸಾವಿರಾರು ಹುಡುಗರ ನಡುವೆ ಕೆಲವು ದಿನ ಕಳೆದು ಮರಳಿದರು. ಮರಳಿ ಬಂದು ಮಾಡಿದುದಾದರೂ ಏನು? ಆಲೂಗೆಡ್ಡೆಯನ್ನು ಬೆಳೆದ ರೈತನು ದಲ್ಲಾಳಿಯ ಕೈಯಲ್ಲಿ ಸಿಕ್ಕಿ ಸವೆಯದಂತೆ, 1935ರಲ್ಲಿ ನೀಲಗಿರಿ ಸಹಕಾರ ಮಾರಾಟ ಸಂಘವನ್ನು ಕಟ್ಟಿನಿಲ್ಲಿಸಿದವರಲ್ಲಿ ಅಗ್ರಗಣ್ಯರಾದರು. ಅವರು 1971ರಲ್ಲಿ ತೀರಿಕೊಂಡರು. ರಾವ್ ಬಹದ್ದೂರ್ ಎಂಬ ಬಿರುದನ್ನು ಕೊಟ್ಟ ಸರ್ಕಾರವು ಅದಕ್ಕಿಂತ ಎಷ್ಟೋ ಮುಂಚೆ ಹೋಗಿಬಿಟ್ಟಿದ್ದಿತು. ಸಂಘವು ಉಳಿದಿತ್ತು, ಮೇಟ್ಟುಪಾಳ್ಯದ ಮಂಡಿಯಲ್ಲಿ ಗೆಡ್ಡೆಯ ಹರಾಜು ನಡೆದೇ ಇತ್ತು.

ಬೆಟ್ಟದ ಕೆಳಗಣ ಕನ್ನಡನಾಡಿನಲ್ಲಿಯೂ ಇದೇ ಕಾಲದಲ್ಲಿ ಸ್ವಯಂಸೇವಕನೆಂಬ ಹೊಸ ಪುರುಷನು ಹುಟ್ಟುತ್ತಿದ್ದನು. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ನಾಗಪುರದ ಧ್ವಜಸತ್ಯಾಗ್ರಹಕ್ಕೆ ಹೋಗಿ, ಶಿಸ್ತಿನಿಂದ ಸೆರೆಮನೆಯನ್ನು ತಾಳಿಕೊಂಡ ತಮ್ಮ ತರುಣರನ್ನು ನೋಡಿ, ಅದೇ ವರ್ಷದ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಲವನ್ನು ಸ್ಥಾಪಿಸಿದರು. ಕವಾಯತು, ವ್ಯಾಯಾಮ, ಆಟ, ಶಿಬಿರಗಳನ್ನು ಕಲಿಸಿದರು. 1924ರ ಬೆಳಗಾವಿಯ ಅಧಿವೇಶನದಲ್ಲಿ ಆ ಸ್ವಯಂಸೇವಕರ ಶಿಸ್ತನ್ನು ದೇಶವೇ ಕಂಡಿತು. ಹರ್ಡೀಕರರಿಗೆ ಪದ್ಮಭೂಷಣವು ಬಂದುದು 1958ರಲ್ಲಿ. ಕೊಂಡಜ್ಜಿ ಬಸಪ್ಪನವರು ಸ್ಕೌಟ್ ಕಾರ್ಯಕ್ಕೆ ಆಯುಷ್ಯವನ್ನು ಕೊಟ್ಟರು. ಬೆಂಗಳೂರಿನ ಅರಮನೆ ರಸ್ತೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಸಭಾಂಗಣವು ಅವರ ಹೆಸರನ್ನು ಹೊತ್ತಿದೆ. ಅಲ್ಲಿ ನಾಟಕಕ್ಕೂ ಸಭೆಗೂ ಹೋದ ಎಷ್ಟೋ ಮಂದಿಗೆ ಬಸಪ್ಪನವರು ಯಾರೆಂದು ತಿಳಿಯದಿರಬಹುದು. ತಿಳಿಯದವರಿಗೂ ನೆರಳಾಗಿ ಹೆಸರು ಕೆಲಸ ಮಾಡುತ್ತಲೇ ಇದೆ. ಇನ್ನು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಡಿವಿಜಿಯವರನ್ನು ನಾಡು 1970ರಲ್ಲಿ ಬೆಂಗಳೂರಿನ ಕಲಾಕ್ಷೇತ್ರದಲ್ಲಿ ಸನ್ಮಾನಿಸಿ ಹಮ್ಮಿಣಿಯನ್ನರ್ಪಿಸಿದಾಗ, ಅವರು ಅದನ್ನು ಆ ಸಂಸ್ಥೆಗೇ ಒಪ್ಪಿಸಿಬಿಟ್ಟುದನ್ನು ಕನ್ನಡಿಗರೆಲ್ಲರೂ ಬಲ್ಲರು. ಸನ್ಮಾನಿತನು ತಾನೇ ಕೊಡುವವನಾಗುವ ಬಡಗರ ರೀತಿಯನ್ನು, ಬೆಟ್ಟವನ್ನೇರದೆಯೇ ಅವರು ಆಚರಿಸಿ ತೋರಿಸಿದರೆಂದೆನ್ನಬಹುದು.

ಸ್ವಾತಂತ್ರ್ಯದ ತರುವಾಯ ಬಿಡಿಬಿಡಿಯಾಗಿದ್ದ ಸ್ಕೌಟ್ ದಳಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂದು ಒಂದಾದುವು. ಬಾಲಿಕೆಯರ ಸಂಘವು ಮರುವರ್ಷ ಕೂಡಿಕೊಂಡಿತು. 1969ರಲ್ಲಿ ಕಾಲೇಜುಗಳಿಗೆ ರಾಷ್ಟ್ರೀಯ ಸೇವಾ ಯೋಜನೆ ಬಂದಿತು. ವಿಶ್ವಸಂಸ್ಥೆಯು 1985ರಲ್ಲಿ ಡಿಸೆಂಬರ್ 5ನ್ನು ಸ್ವಯಂಸೇವಕರ ದಿನವೆಂದು ಗೊತ್ತುಮಾಡಿತು. ಹೀಗೆ ಸೇವೆಗೆ ನೋಂದಣಿಯೂ ಗೌರವಕ್ಕೆ ದಿನಾಂಕವೂ ಏರ್ಪಟ್ಟುವು. ಸನ್ಮಾನದ ನಮ್ಮ ಕ್ರಮವು ಬೆಟ್ಟದ ಮೇಲೂ ಕೆಳಗೂ ಈಗ ಒಂದೇ: ವೇದಿಕೆ, ಕುರ್ಚಿ, ಶಾಲು, ಹಾರ, ಪೇಟ, ಹಣ್ಣಿನ ತಟ್ಟೆ, ಸ್ಮರಣಿಕೆ. ನಾಲ್ವತ್ತು ವರ್ಷ ಹುಡುಗರಿಗೆ ಚೆಂಡು ಹಿಡಿಸಿದ ಮೇಷ್ಟರು, ಹಬ್ಬದ ಒಲೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡ ತಾಯಿ, ಅಂದು ಒಂದು ಗಂಟೆಯ ಕಾಲ ಏನನ್ನೂ ಮಾಡದೆ ಕುಳಿತಿರಬೇಕು. ಜೀವಮಾನವೆಲ್ಲ ನಿಂತು ದುಡಿದವರಿಗೆ ಹೀಗೆ ಕುಳಿತು ಪಡೆಯುವುದು ಎಷ್ಟು ಕಷ್ಟವೆಂಬುದನ್ನು ಅವರ ಮುಖವೇ ಹೇಳುವುದು. ಕುರ್ಚಿಯ ಅಂಚಿನಲ್ಲಿ ಕುಳಿತು, ಕೆಳಗೆ ಮಕ್ಕಳಿಗೆ ಉಪ್ಪಿಟ್ಟು ಸಾಲುತ್ತದೆಯೋ ಇಲ್ಲವೋ ಎಂದು ನೋಡುತ್ತಿರುತ್ತಾರೆ.

ಶಾಲಿನ ಮೇಲೆ ನನಗೆ ದ್ವೇಷವಿಲ್ಲ. ಚಳಿಯ ಸೀಮೆಯಲ್ಲಿ ಅದು ಪದಕಕ್ಕಿಂತ ಉಪಯುಕ್ತವೇ. ಆದರೆ ಪದಕವನ್ನು ಅಂಚೆಯಲ್ಲಿ ಕಳುಹಿಸಬಹುದು. ಬಿರುದನ್ನು ಗೆಜೆಟ್ಟಿನಲ್ಲಿ ಅಚ್ಚುಹಾಕಬಹುದು. ಕೊಡುವವನು ಪಡೆಯುವವನನ್ನು ಕಣ್ಣಿನಿಂದ ಕಾಣದೆಯೂ ಅವೆರಡೂ ಸಾಂಗವಾಗಿ ನಡೆದುಹೋಗುವುವು. ಕೆತ್ತಿಯ ಹಟ್ಟಿಯ ಆಚಾರಕ್ಕಾದರೋ ಇಬ್ಬರು ಬೇಕು, ಅವರಿಬ್ಬರ ನಡುವಣ ದೂರವು ಒಂದು ತೋಳಿಗಿಂತ ಹೆಚ್ಚಿರಬಾರದು. ಒಬ್ಬನು ಬಾಗಬೇಕು, ಇನ್ನೊಬ್ಬನು ಹರಸುವಷ್ಟು ಉಸಿರನ್ನು ಉಳಿಸಿಕೊಂಡಿರಬೇಕು. ಎಂದರೆ, ಕಾಲ ಮಿಂಚುವ ಮುನ್ನ, ಹತ್ತಿರ ಹೋಗಿ, ಕೇಳಿ ಪಡೆಯಬೇಕು. ಆ ಆಚಾರವು ಮುಟ್ಟಬೇಕಾಗಿದ್ದ ಕೆಲವು ತಲೆಗಳನ್ನು ಮುಟ್ಟಲಿಲ್ಲ, ಕೆಲವು ಕೈಗಳನ್ನು ಕರೆಯಲಿಲ್ಲ ಎಂಬುದನ್ನು ಹಿಂದೆಯೇ ಹೇಳಿದೆ. ಅದನ್ನು ವಿಸ್ತರಿಸುವುದು ಇಂದಿನ ಮಂದಿಯ ಪಾಲಿಗೆ ಉಳಿದ ಕೆಲಸ.

ಸಂಜೆಯ ರೈಲು ಊಟಿಯಿಂದ ಮರಳಿ ಇಳಿಯುವ ಹೊತ್ತಿಗೆ ಕೆತ್ತಿಯ ಹೊಲಗಳ ಮೇಲೆ ಮತ್ತೆ ಮಂಜು ಕವಿಯತೊಡಗುತ್ತದೆ. ಹಟ್ಟಿಯ ಹುಲ್ಲುನೆಲದಲ್ಲಿ ಹುಡುಗರ ಕೂಗು ಇನ್ನೂ ನಿಂತಿರುವುದಿಲ್ಲ. ಚೆಂಡು ಹೊಲದೊಳಗೆ ಉರುಳಿದರೆ, ಅಂಚಿನಲ್ಲಿ ಕಂಬಳಿ ಹೊದೆದು ಕುಳಿತ ಮುದುಕನು, ಯಾರೂ ಹೇಳದೆಯೇ, ಎದ್ದು ಹೋಗಿ ತರುತ್ತಾನೆ.